ಆರ್ಕಿಡ್‌ಗೆ ಬೆಳಕು ಎಷ್ಟು ಬೇಕೆಂದು ಚೀಟಿಯಲ್ಲೇ ಬರೆಯಲಿ

ಮಾನ್ಯ ಸಂಪಾದಕರೇ,

ಗೃಹಪ್ರವೇಶಕ್ಕೆ, ಹುಟ್ಟುಹಬ್ಬಕ್ಕೆ ಆರ್ಕಿಡ್ ಕುಂಡ ಉಡುಗೊರೆ ಕೊಡುವುದು ಬೆಂಗಳೂರಿನಲ್ಲಿ ಈಗ ಮಾಮೂಲಾಗಿದೆ. ಹಾಗೆ ಮನೆ ಸೇರುವ ಗಿಡಗಳಲ್ಲಿ ಬಹುಪಾಲು ಫೆಲನಾಪ್ಸಿಸ್ ಎಂಬ ಆರ್ಕಿಡ್. ತಂದಾಗ ಇದ್ದ ಹೂವು ಎರಡು ಮೂರು ತಿಂಗಳು ನಿಲ್ಲುತ್ತದೆ. ಅದು ಉದುರಿದ ಮೇಲೆ ಗಿಡ ಮತ್ತೆ ಹೂದಂಟು ಹಾಕುವುದಿಲ್ಲ, ಎಲೆಗಳು ಒಂದೊಂದಾಗಿ ಜೋಲುತ್ತವೆ, ವರ್ಷ ತುಂಬುವುದರೊಳಗೆ ಕುಂಡ ಕಸದ ಗಾಡಿ ಸೇರುತ್ತದೆ. ಮನೆಯವರು ತಮ್ಮ ಕೈಗುಣವನ್ನೇ ಹಳಿದುಕೊಳ್ಳುತ್ತಾರೆ. ಇದರಲ್ಲಿ ಕೈಗುಣದ ತಪ್ಪೇನೂ ಇಲ್ಲ. ಫ್ಲ್ಯಾಟಿನೊಳಗೆ ಈ ಗಿಡಕ್ಕೆ ಸಾಕಾಗುವಷ್ಟು ಬೆಳಕು ಇರುವುದಿಲ್ಲ; ಎಷ್ಟು ಬೇಕೆಂದು ಮಾರಿದವರು ಹೇಳಿರುವುದಿಲ್ಲ. ಕುಂಡಕ್ಕೆ ಸಿಕ್ಕಿಸಿದ ಚೀಟಿಯಲ್ಲಿ ‘ನೇರ ಬಿಸಿಲು ಬೇಡ, ಬೆಳಕು ಚೆನ್ನಾಗಿರುವ ಕಡೆ ಇಡಿ’ ಎಂದಷ್ಟೇ ಇರುತ್ತದೆ. ಪತ್ರಿಕೆಗಳ ಕೈತೋಟದ ಪುಟಗಳೂ ಬಹಳ ಸಲ ಅಲ್ಲಿಗೇ ನಿಲ್ಲಿಸುತ್ತವೆ. ಮನೆಯೊಳಗೆ ಕೃತಕ ಬೆಳಕಿನಲ್ಲಿ ಆರ್ಕಿಡ್ ಬೆಳೆಸುವ ನಾವು ಕೆಲವರು ಸೇರಿ, ಆ ‘ಎಷ್ಟು’ ಎಂಬುದನ್ನು ಅಂಕಿಗಳಲ್ಲಿ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇವೆ.

ಬೆಳಕನ್ನು ಕಣ್ಣಿನ ಅಂದಾಜಿನಲ್ಲಿ ಅಳೆಯಲಾಗುವುದಿಲ್ಲ. ಕತ್ತಲಾದಂತೆ ಪಾಪೆ ಹಿಗ್ಗುತ್ತದೆ. ಹಾಗಾಗಿ ಓದಲು ಹಿತವೆನಿಸುವ ಕೋಣೆ ನಮಗೆ ಬೆಳ್ಳಗೇ ಕಾಣುತ್ತದೆ. ಒಂದು ಜಾಗದ ಮೇಲೆ ಬೀಳುವ ಬೆಳಕನ್ನು ‘ಲಕ್ಸ್’ ಎಂಬ ಮಾನದಲ್ಲಿ ಅಳೆಯುವ ಲಕ್ಸ್ ಮೀಟರ್ ಹಿಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಬಯಲಿನ ಮಧ್ಯಾಹ್ನದ ಬಿಸಿಲು ಸುಮಾರು 1 ಲಕ್ಷ ಲಕ್ಸ್. ಹಾಲ್‌ನ ನಡುವೆ ಟೀಪಾಯಿಯ ಮೇಲೆ 100ರಿಂದ 300. ಎದುರಿಗೆ ಇನ್ನೊಂದು ಕಟ್ಟಡ ನಿಂತಿರುವ ಕಿಟಕಿಯ ಪಕ್ಕದಲ್ಲೂ ಎಷ್ಟೋ ಮನೆಗಳಲ್ಲಿ 1,000 ಲಕ್ಸ್ ದಾಟುವುದು ಕಷ್ಟ. ಫೆಲನಾಪ್ಸಿಸ್ ಹೂ ಬಿಡಬೇಕಾದರೆ ಎಲೆಯ ಮೇಲೆ 8,000 ಲಕ್ಸ್‌ನಷ್ಟು ಬೆಳಕು ದಿನಕ್ಕೆ 12–13 ಗಂಟೆ ಬೀಳಬೇಕು. ಕ್ಯಾಟ್ಲಿಯಾ ಆರ್ಕಿಡ್‌ಗಳಿಗೆ 20,000ದಿಂದ 30,000, ವ್ಯಾಂಡಾಕ್ಕೆ ಅದಕ್ಕೂ ಹೆಚ್ಚು.

ಸಸ್ಯಶಾಸ್ತ್ರಜ್ಞರು ಲಕ್ಸ್ ಬಳಸುವುದಿಲ್ಲ. ಒಂದು ಚದರ ಮೀಟರಿಗೆ ದಿನವಿಡೀ ಬಿದ್ದ ಬೆಳಕಿನ ಕಣಗಳನ್ನು ಮೋಲ್ ಲೆಕ್ಕದಲ್ಲಿ ಹೇಳುತ್ತಾರೆ. ಬಿಳಿ ಎಲ್‌ಇಡಿಯಾದರೆ ಲಕ್ಸ್ ಅನ್ನು ಸುಮಾರು 70ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಮೈಕ್ರೊಮೋಲ್ (ಮೋಲಿನ ಹತ್ತು ಲಕ್ಷದಲ್ಲೊಂದು ಪಾಲು) ಎಂಬುದು ಸಿಗುತ್ತದೆ. 8,000 ಲಕ್ಸ್ ಎಂದರೆ 114 ಮೈಕ್ರೊಮೋಲ್, 13 ಗಂಟೆಗೆ ಒಟ್ಟು 5.3 ಮೋಲ್. ಫೆಲನಾಪ್ಸಿಸ್‌ಗೆ ಇಷ್ಟು ಸಾಕು. ಟೀಪಾಯಿಯ ಮೇಲಿನ 200 ಲಕ್ಸ್ ದಿನಕ್ಕೆ 12 ಗಂಟೆ ಬಿದ್ದರೆ ಒಟ್ಟು 0.12 ಮೋಲ್. ಅಂದರೆ ಬೇಕಾದ್ದರ ನಲವತ್ತನೇ ಒಂದು ಪಾಲು. ಆ ಗಿಡ ತಿಂಗಳುಗಟ್ಟಲೆ ಹಸಿರಾಗಿ ಕಾಣುವುದು ಎಲೆ ಮತ್ತು ಬೇರುಗಳಲ್ಲಿ ಕೂಡಿಟ್ಟ ಗಂಟನ್ನು ಕರಗಿಸಿಕೊಂಡು. ಗಂಟು ಖಾಲಿಯಾದ ಮೇಲೆ ಎಷ್ಟು ಗೊಬ್ಬರ ಹಾಕಿದರೂ ಅದು ಚೇತರಿಸಿಕೊಳ್ಳುವುದಿಲ್ಲ.

ಇನ್ನು ದೀಪದ ವಿಷಯ. ‘ಗ್ರೋ ಲೈಟ್’ ಎಂದು ಮಾರುವ ನೇರಳೆ ಬಣ್ಣದ ದೀಪ ಬೇಡ ಎಂಬುದು ನಮ್ಮ ಖಚಿತ ಅಭಿಪ್ರಾಯ. ಕೆಂಪು–ನೀಲಿ ಬೆಳಕಿನಲ್ಲಿ ಗಿಡವೇನೋ ಬೆಳೆಯುತ್ತದೆ. ಆದರೆ ಆ ಬೆಳಕಿನಲ್ಲಿ ಎಲೆ ಹಳದಿಯಾದದ್ದು, ಬೇರು ಹಸಿರಾದದ್ದು, ಸಂದಿಯಲ್ಲಿ ಹಿಟ್ಟು ತಿಗಣೆ ಕುಳಿತದ್ದು ಯಾವುದೂ ಕಣ್ಣಿಗೆ ಕಾಣುವುದಿಲ್ಲ. ಲಕ್ಸ್ ಮೀಟರ್ ಕೂಡ ಅಲ್ಲಿ ತಪ್ಪು ಹೇಳುತ್ತದೆ, ಏಕೆಂದರೆ ಅದನ್ನು ಮಾಡಿರುವುದು ಮನುಷ್ಯನ ಕಣ್ಣಿಗೆ ಹೊಂದುವಂತೆ, ಹಸಿರಿಗೆ ಹೆಚ್ಚು ತೂಕ ಕೊಟ್ಟು. ಪೆಟ್ಟಿಗೆಯ ಮೇಲೆ ‘1000 ವ್ಯಾಟ್’ ಎಂದು ಅಚ್ಚಾಗಿದ್ದರೂ ನಂಬಬೇಡಿ. ಪ್ಲಗ್‌ಗೆ ಹಾಕುವ ವ್ಯಾಟ್ ಮೀಟರಿನಲ್ಲಿ ಇಂಥ ದೀಪ ಅದರ ಸಣ್ಣ ಪಾಲನ್ನಷ್ಟೇ ಎಳೆಯುವುದು ಕಾಣಿಸುತ್ತದೆ. ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಸಿಗುವ 4 ಅಡಿಯ 20 ವ್ಯಾಟ್ ಬಿಳಿ ಎಲ್‌ಇಡಿ ಬ್ಯಾಟನ್ ಸಾಕು. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಲ್ಯೂಮೆನ್ (ದೀಪ ಸೂಸುವ ಒಟ್ಟು ಬೆಳಕಿನ ಅಳತೆ) ನೋಡಿ: 2,000ಕ್ಕೆ ಕಡಿಮೆ ಇರಬಾರದು. ಬಣ್ಣ 4000 ಕೆಲ್ವಿನ್ ಆದರೂ 6500 ಆದರೂ ಗಿಡಕ್ಕೆ ಅಂಥ ವ್ಯತ್ಯಾಸವಿಲ್ಲ.

ಎಷ್ಟು ಬ್ಯಾಟನ್ ಬೇಕೆಂಬ ಲೆಕ್ಕ ಸುಲಭ. 4 ಅಡಿ ಉದ್ದ, ಒಂದೂವರೆ ಅಡಿ ಅಗಲದ ಕಪಾಟಿನ ಹಲಗೆ ಎಂದರೆ 0.56 ಚದರ ಮೀಟರ್. ಅದರ ಮೇಲೆ 8,000 ಲಕ್ಸ್ ಬೀಳಬೇಕಾದರೆ ಸುಮಾರು 4,500 ಲ್ಯೂಮೆನ್ ಎಲೆಗಳನ್ನು ಮುಟ್ಟಬೇಕು. ದೀಪದಿಂದ ಹೊರಟ ಬೆಳಕಿನಲ್ಲಿ ಮೂರನೇ ಒಂದು ಪಾಲು ಅಕ್ಕಪಕ್ಕಕ್ಕೆ ಚೆಲ್ಲಿಹೋಗುತ್ತದೆ ಎಂದಿಟ್ಟುಕೊಂಡರೆ 6,700 ಲ್ಯೂಮೆನ್ ಬೇಕು. ಅಂದರೆ ಮೂರು ಬ್ಯಾಟನ್ ಸ್ವಲ್ಪ ಕಡಿಮೆ ಬೀಳುತ್ತದೆ, ನಾಲ್ಕು ಹಾಕಿದರೆ ನೆಮ್ಮದಿ. ಕಪಾಟಿನ ಹಿಂಬದಿಗೂ ಎರಡು ಪಕ್ಕಕ್ಕೂ ಬಿಳಿ ಬಣ್ಣ ಬಳಿದ ಹಲಗೆ ನಿಲ್ಲಿಸಿದರೆ ಮೂರರಲ್ಲೇ ನಿಭಾಯಿಸಬಹುದು. ಕನ್ನಡಿ ಬೇಡ, ಹೊಳೆಯುವ ಫಾಯಿಲ್ ಬೇಡ. ಮಂದ ಬಿಳಿ ಬಣ್ಣವೇ ಬೆಳಕನ್ನು ಸಮನಾಗಿ ಹರಡುತ್ತದೆ. ನಾಲ್ಕು ಬ್ಯಾಟನ್‌ಗೆ 80 ವ್ಯಾಟ್. ದಿನಕ್ಕೆ 13 ಗಂಟೆ ಉರಿಸಿದರೆ ತಿಂಗಳಿಗೆ 31 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಹಿಡಿದರೂ ತಿಂಗಳ ಖರ್ಚು ಸುಮಾರು 190 ರೂಪಾಯಿ. ಇದರಲ್ಲಿ ದೊಡ್ಡ ಹೂವಿನ ಫೆಲನಾಪ್ಸಿಸ್ ಆರು, ಗಿಡ್ಡ ಜಾತಿಯವಾದರೆ ಹನ್ನೆರಡು ಬೆಳೆಯುತ್ತವೆ.

ಎಲೆಗೂ ದೀಪಕ್ಕೂ 20–25 ಸೆಂಟಿಮೀಟರ್ ಅಂತರವಿರಲಿ. ಬ್ಯಾಟನ್‌ನ ಎರಡು ತುದಿಗಳಲ್ಲಿ ಬೆಳಕು ನಡುವಿಗಿಂತ ಎದ್ದುಕಾಣುವಷ್ಟು ಕಡಿಮೆ. ಅದನ್ನೇ ಅನುಕೂಲ ಮಾಡಿಕೊಳ್ಳಬಹುದು: ತುದಿಗಳಲ್ಲಿ 3,000–5,000 ಲಕ್ಸ್‌ಗೇ ತೃಪ್ತಿಪಡುವ ಪ್ಯಾಫಿಯೊಪೆಡಿಲಂ ಅಥವಾ ಕಂದು ಎಲೆಯ ಲುಡಿಸಿಯಾ ಆರ್ಕಿಡ್‌ಗಳು, ನಡುವೆ ಫೆಲನಾಪ್ಸಿಸ್. ಫೋನಿನ ಆ್ಯಪ್‌ಗಳು ಲಕ್ಸ್ ತೋರಿಸುತ್ತವಾದರೂ ಒಂದೊಂದು ಫೋನ್ ಒಂದೊಂದು ಅಂಕಿ ಹೇಳುತ್ತದೆ. ಒಂದೆರಡು ಸಾವಿರ ರೂಪಾಯಿಯ ಮೀಟರನ್ನು ನಾಲ್ಕೈದು ಮನೆಯವರು ಸೇರಿ ಕೊಂಡರೂ ಆಯಿತು; ದಿನಾ ಬೇಕಾಗುವ ವಸ್ತುವಲ್ಲ ಅದು.

ಅಂಗಡಿಯಿಂದ ತಂದ ಗಿಡವನ್ನು ಮೊದಲ ದಿನವೇ 13 ಗಂಟೆಯ ಬೆಳಕಿಗೆ ಒಡ್ಡಬಾರದು. 8 ಗಂಟೆಯಿಂದ ಶುರುಮಾಡಿ ವಾರಕ್ಕೊಂದು ಗಂಟೆ ಏರಿಸಿ. ಬೆಳಕು ಕಡಿಮೆಯಾದರೆ ಎಲೆ ಕಡು ಹಸಿರಾಗಿ, ಉದ್ದವಾಗಿ, ಮೆತ್ತಗೆ ಬಾಗುತ್ತದೆ. ನೋಡಲು ಅದು ಸೊಂಪಾಗಿ ಕಾಣುವುದರಿಂದ ಜನ ಸಂತೋಷಪಡುತ್ತಾರೆ, ಹೂವು ಮಾತ್ರ ಬರುವುದಿಲ್ಲ. ಸರಿಯಾದ ಬೆಳಕಿನಲ್ಲಿ ಎಲೆ ತುಸು ತಿಳಿ ಹಸಿರಾಗಿ, ಗಿಡ್ಡವಾಗಿ, ಗಟ್ಟಿಯಾಗಿ ನಿಲ್ಲುತ್ತದೆ. ಹೆಚ್ಚಾದರೆ ಅಂಚಿಗೆ ಕೆಂಪು–ನೇರಳೆ ಛಾಯೆ ಬರುತ್ತದೆ. ಆಗ ದೀಪವನ್ನು ಒಂದೆರಡು ಅಂಗುಲ ಮೇಲೆತ್ತಿದರೆ ಸಾಕು. ಬಿಳಿಚಿ ಒಣಗಿದ ಕಲೆ ಬಿದ್ದರೆ ಅದು ಸುಟ್ಟ ಗಾಯ, ಮಾಯುವುದಿಲ್ಲ. ಹಳೆಯ ಎಲೆ ತನ್ನ ಆಕಾರವನ್ನೂ ಬದಲಿಸಿಕೊಳ್ಳುವುದಿಲ್ಲ. ಹಾಗಾಗಿ ವ್ಯವಸ್ಥೆ ಸರಿಯಿದೆಯೇ ಎಂದು ತಿಳಿಯಲು ದೀಪ ಹಾಕಿದ ಮೇಲೆ ಸುಳಿಯಿಂದ ಬಂದ ಹೊಸ ಎಲೆಯನ್ನು ನೋಡಬೇಕು. ಅದು ಹಿಂದಿನ ಎಲೆಯಷ್ಟೇ ಅಥವಾ ಅದಕ್ಕಿಂತ ಅಗಲವಾಗಿದ್ದರೆ ಬೆಳಕು ಸಾಕಾಗಿದೆ.

ಬೆಳಕು ಒಳ್ಳೆಯದೆಂದು 24 ಗಂಟೆ ಉರಿಸುವವರಿದ್ದಾರೆ. ಅದು ಗಿಡವನ್ನು ಉಪವಾಸ ಕೆಡವಿದಂತೆ. ಫೆಲನಾಪ್ಸಿಸ್ ಎಲೆಯ ರಂಧ್ರಗಳು ತೆರೆಯುವುದು ಮುಖ್ಯವಾಗಿ ರಾತ್ರಿ. ಕತ್ತಲಲ್ಲಿ ಇಂಗಾಲದ ಡೈಆಕ್ಸೈಡ್ ಒಳಗೆಳೆದು, ಆಮ್ಲದ ರೂಪದಲ್ಲಿ ಕೂಡಿಟ್ಟು, ಹಗಲು ಬೆಳಕು ಬಂದಾಗ ರಂಧ್ರ ಮುಚ್ಚಿಕೊಂಡು ಅದರಿಂದ ಸಕ್ಕರೆ ಮಾಡುತ್ತದೆ. ಮರದ ಕೊಂಬೆಯ ಮೇಲೆ ಮಣ್ಣಿಲ್ಲದೆ ಬದುಕುವ ಗಿಡ ನೀರು ಉಳಿಸಿಕೊಳ್ಳಲು ಕಂಡುಕೊಂಡ ದಾರಿ ಇದು. ಕನಿಷ್ಠ 10 ಗಂಟೆ ಪೂರ್ತಿ ಕತ್ತಲು ಬೇಕೇ ಬೇಕು. ಕ್ಯಾಟ್ಲಿಯಾ ಕುಲದ ಲೇಬಿಯಾಟಾದಂಥ ಕೆಲವು ಜಾತಿಗಳು ಹಗಲು ಗಿಡ್ಡವಾದಾಗಲೇ ಮೊಗ್ಗು ಕಟ್ಟುವಂಥವು; ಅವುಗಳಿಗೆ ದಿನಕ್ಕೆ 16 ಗಂಟೆ ದೀಪ ಉರಿಸಿದರೆ ಹೂವು ತಡೆದುಹೋಗುತ್ತದೆ. ಹಾಲ್‌ನ ಟಿ.ವಿ., ಟ್ಯೂಬ್‌ಲೈಟ್‌ನ ಬೆಳಕು ರಾತ್ರಿ ಕಪಾಟಿಗೆ ತಾಗುವಂತಿದ್ದರೆ ಪರದೆ ಹಾಕಿ.

ಹೊತ್ತಿಗೆ ಸರಿಯಾಗಿ ಹಚ್ಚಿ ಆರಿಸಲು ಟೈಮರ್ ಪ್ಲಗ್ ಬೇಕು. ಮುಳ್ಳು ತಿರುಗುವ ಅಗ್ಗದ ಟೈಮರ್ ಕರೆಂಟ್ ಹೋದಾಗ ತಾನೂ ನಿಂತುಬಿಡುತ್ತದೆ. ಎರಡು ಗಂಟೆ ಕರೆಂಟ್ ಹೋದರೆ ಎರಡು ಗಂಟೆ ಹಿಂದೆ. ಹೀಗೆ ಒಂದು ತಿಂಗಳಲ್ಲಿ ಹಗಲು ರಾತ್ರಿ ಅದಲುಬದಲಾದದ್ದು ಗಮನಕ್ಕೇ ಬರುವುದಿಲ್ಲ. ಒಳಗೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತೆಗೆದುಕೊಳ್ಳಿ, ಇಲ್ಲವೇ ವಾರಕ್ಕೊಮ್ಮೆ ಮುಳ್ಳು ಸರಿಪಡಿಸಿ. ಒಂದೆರಡು ಗಂಟೆ ದೀಪ ಹೋದದ್ದರಿಂದ ಗಿಡಕ್ಕೆ ಏನೂ ಆಗದು. ವಿದ್ಯುತ್ತಿನ ಎಚ್ಚರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ: ಕಬ್ಬಿಣದ ರ‍್ಯಾಕ್‌ಗೆ ಅರ್ಥಿಂಗ್ ಕೊಡಿಸಿ, ಆ ಸರ್ಕ್ಯೂಟ್‌ಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಸಂಪರ್ಕ ಕಡಿಯುವ ಸ್ವಿಚ್) ಇರಲಿ, ವೈರು ಪ್ಲಗ್‌ಗಿಂತ ಕೆಳಗೆ ಒಂದು ಬಾಗು ಬಿದ್ದು ಮೇಲೇರುವಂತೆ ಕಟ್ಟಿ, ಆಗ ವೈರಿನ ಮೇಲೆ ಹರಿದ ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್‌ಗೆ ಇಳಿಯುವುದಿಲ್ಲ. ನೀರು ಹಾಕಲು ಕುಂಡವನ್ನು ಸಿಂಕಿಗೆ ಒಯ್ಯುವುದೇ ಎಲ್ಲಕ್ಕಿಂತ ಒಳ್ಳೆಯದು.

ಬೆಳಕು ಸರಿಯಾದ ಮೇಲೂ ಹೂದಂಟು ಬರದಿದ್ದರೆ ಕಾರಣ ಬಹುಮಟ್ಟಿಗೆ ಉಷ್ಣಾಂಶ. ಕೋಣೆ 28 ಡಿಗ್ರಿಗಿಂತ ಮೇಲಿದ್ದಷ್ಟು ಕಾಲ ಫೆಲನಾಪ್ಸಿಸ್ ಎಲೆಯನ್ನೇ ಹಾಕುತ್ತಾ ಹೋಗುತ್ತದೆ. ನಾಲ್ಕರಿಂದ ಆರು ವಾರ ಹಗಲು 25ರ ಆಸುಪಾಸು, ರಾತ್ರಿ 18–20 ಸಿಕ್ಕಿದಾಗ ಎಲೆಯ ಬುಡದಲ್ಲಿ ದಂಟು ಮೂಡುತ್ತದೆ. ರಾತ್ರಿ ಮಾತ್ರ ತಂಪಾದರೆ ಸಾಲದು, ಹಗಲೂ 26ರೊಳಗೆ ಇರಬೇಕು ಎಂಬುದನ್ನು ಬಹಳ ಜನ ಮರೆಯುತ್ತಾರೆ. ಬೆಂಗಳೂರು, ಮೈಸೂರು, ಚಿಕ್ಕಮಗಳೂರಿನವರಿಗೆ ಇದು ಪುಕ್ಕಟೆ ಸಿಗುವ ಸೌಲಭ್ಯ. ನವೆಂಬರ್ ಕೊನೆಯಿಂದ ಜನವರಿವರೆಗೆ ಕಪಾಟಿನ ಪಕ್ಕದ ಕಿಟಕಿಯನ್ನು ರಾತ್ರಿ ತೆರೆದಿಟ್ಟರೆ ಆಯಿತು. ಮುಚ್ಚಿದ ಕಪಾಟಿನಲ್ಲಿ ದೀಪಗಳ ಕಾವಿನಿಂದ ಎರಡು ಮೂರು ಡಿಗ್ರಿ ಏರುವುದುಂಟು. ಆ ದಿನಗಳಲ್ಲಿ ಮುಂಭಾಗ ತೆರೆದಿರಲಿ. ಮಂಗಳೂರು, ಕಾರವಾರದ ಕರಾವಳಿಯಲ್ಲಿ ಡಿಸೆಂಬರಿನಲ್ಲೂ ಹಗಲು 30 ದಾಟುವುದರಿಂದ, ಹವಾನಿಯಂತ್ರಿತ ಕೋಣೆ ಇಲ್ಲದೆ ಫೆಲನಾಪ್ಸಿಸ್‌ನಿಂದ ಪ್ರತಿವರ್ಷ ಹೂವು ನಿರೀಕ್ಷಿಸುವುದು ಕಷ್ಟ. ಅಲ್ಲಿನವರು ಸೆಕೆಯಲ್ಲೇ ಹೂ ಬಿಡುವ ಡೆಂಡ್ರೋಬಿಯಂ ಜಾತಿಗಳನ್ನು ಬಾಲ್ಕನಿಯಲ್ಲಿ ಬೆಳೆಸುವುದು ಹೆಚ್ಚು ಜಾಣತನ. ಕಲಬುರಗಿ, ರಾಯಚೂರಿನ ಬೇಸಿಗೆಯಲ್ಲಿ ದೀಪದ ಹೊತ್ತನ್ನು ರಾತ್ರಿಗೆ ಬದಲಿಸಿಕೊಳ್ಳಬಹುದು: ಸಂಜೆ 6ಕ್ಕೆ ಹಚ್ಚಿ ಬೆಳಿಗ್ಗೆ 7ಕ್ಕೆ ಆರಿಸಿ, ಹಗಲು ಪರದೆ ಎಳೆದು ಕತ್ತಲು ಮಾಡಿದರೆ ದೀಪದ ಕಾವು ಮಧ್ಯಾಹ್ನದ ಕಾವಿಗೆ ಸೇರುವುದಿಲ್ಲ.

ಹೂದಂಟು ಬಂದ ಮೇಲೆ ಒಂದು ತೊಡಕಿದೆ. ದೊಡ್ಡ ಜಾತಿಯ ದಂಟು 60–70 ಸೆಂಟಿಮೀಟರ್ ಎತ್ತರಕ್ಕೆ ಏರುತ್ತದೆ, ಕಪಾಟಿನ ಅಂತಸ್ತು ಸಾಮಾನ್ಯವಾಗಿ 45–50 ಸೆಂಟಿಮೀಟರ್ ಮಾತ್ರ. ಮೊಗ್ಗು ದೀಪಕ್ಕೆ ತಾಗಿದರೆ ಸುಡುತ್ತದೆ. ದಂಟು ಎಳೆಯದಾಗಿ, 15–20 ಸೆಂಟಿಮೀಟರ್ ಇರುವಾಗಲೇ ಕ್ಲಿಪ್ ಹಾಕಿ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಪಕ್ಕಕ್ಕೆ ಬಾಗಿಸಬೇಕು. ಬಲಿತ ಮೇಲೆ ಬಗ್ಗಿಸಹೋದರೆ ಲಟಕ್ಕನೆ ಮುರಿಯುತ್ತದೆ. ಮೊಗ್ಗು ಉಬ್ಬಿದ ಮೇಲೆ ಕುಂಡದ ದಿಕ್ಕು ತಿರುಗಿಸಬೇಡಿ, ಹೂವುಗಳು ಒಂದೊಂದು ಕಡೆ ಮುಖ ಮಾಡುತ್ತವೆ. ಎರಡು ಮೂರು ಹೂವು ಅರಳಿದ ಮೇಲೆ ಕುಂಡವನ್ನು ಹಾಲ್‌ಗೆ ತಂದಿಡಬಹುದು. ಅರಳಿದ ಹೂವಿಗೆ ಹೆಚ್ಚು ಬೆಳಕು ಬೇಡ. ಹೂವು ಮುಗಿದೊಡನೆ ಮತ್ತೆ ದೀಪದ ಕೆಳಗೆ ಹೋಗಬೇಕು. ಗಿಡ ಬಲವಾಗಿದ್ದರೆ ದಂಟನ್ನು ಕೆಳಗಿನಿಂದ ಮೂರನೇ ಗೆಣ್ಣಿನ ಮೇಲೆ ಕತ್ತರಿಸಿದಾಗ ಇನ್ನೊಂದು ಚಿಕ್ಕ ಗೊಂಚಲು ಬರಬಹುದು. ಎಲೆ ಮೂರಕ್ಕಿಂತ ಕಡಿಮೆ ಇದ್ದರೆ ಆ ಆಸೆ ಬಿಟ್ಟು ಬುಡದಲ್ಲೇ ಕತ್ತರಿಸಿ. ಬ್ಲೇಡನ್ನು ಪ್ರತಿ ಗಿಡಕ್ಕೂ ಬೆಂಕಿಯಲ್ಲಿ ಕಾಯಿಸಿಯೇ ಬಳಸಿ. ಸಿಂಬಿಡಿಯಂ ಮೊಸಾಯಿಕ್ ಎಂಬ ವೈರಸ್ ಬ್ಲೇಡಿನ ಮೂಲಕ ಗಿಡದಿಂದ ಗಿಡಕ್ಕೆ ಹೋಗುತ್ತದೆ, ಅದಕ್ಕೆ ಮದ್ದಿಲ್ಲ.

ನೀರಿನ ವಿಷಯಕ್ಕೆ ಬರುವ ಮೊದಲು, ಹೊಸದಾಗಿ ತಂದ ಗಿಡವನ್ನು ಹೂವು ಮುಗಿದ ತಕ್ಷಣ ಕುಂಡದಿಂದ ಎತ್ತಿ ನೋಡಿ ಎಂದು ಒತ್ತಿ ಹೇಳಬೇಕಾಗಿದೆ. ಹೊರಸುತ್ತಿನಲ್ಲಿ ಬೂದು–ಬೆಳ್ಳಿ ಬಣ್ಣದ ದಪ್ಪ ಬೇರುಗಳು ಕಾಣುತ್ತವೆ, ಎಲ್ಲ ಚೆನ್ನಾಗಿದೆ ಎನಿಸುತ್ತದೆ. ಅವನ್ನು ಮೆಲ್ಲಗೆ ಬಿಡಿಸುತ್ತಾ ಒಳಗೆ ಹೋದರೆ ನಟ್ಟನಡುವೆ ಒತ್ತಿ ತುಂಬಿದ ಸ್ಫ್ಯಾಗ್ನಮ್ ಪಾಚಿಯ ಮುದ್ದೆ, ಎಷ್ಟೋ ಸಲ ಅದರ ಸುತ್ತ ಪ್ಲಾಸ್ಟಿಕ್ ಜಾಲರಿಯ ಪುಟ್ಟ ಬಟ್ಟಲು ಸಿಗುತ್ತದೆ. ಸಸಿಯಾಗಿದ್ದಾಗ ನೆಟ್ಟದ್ದು ಅದು, ಹಾಗೇ ಉಳಿದುಬಿಟ್ಟಿದೆ. ಹೊರಗಿನ ತೊಗಟೆ ಚೂರು ಒಣಗಿದ್ದರೂ ಈ ಮುದ್ದೆ ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ಅದರೊಳಗಿನ ಬೇರನ್ನು ಬೆರಳಿನಿಂದ ಹಿಸುಕಿ: ಗಟ್ಟಿ ಇದ್ದರೆ ಜೀವಂತ; ಕಂದು ನೀರು ಒಸರಿ ಸಿಪ್ಪೆ ಜಾರಿ, ಒಳಗಿನ ದಾರದಂಥ ಎಳೆ ಮಾತ್ರ ಕೈಗೆ ಬಂದರೆ ಅದು ಸತ್ತದ್ದು. ಸತ್ತದ್ದನ್ನೆಲ್ಲ ಕತ್ತರಿಸಿ, ಮುದ್ದೆ ಮತ್ತು ಜಾಲರಿ ಪೂರ್ತಿ ತೆಗೆದು, ಹೊಸ ಮಿಶ್ರಣದಲ್ಲಿ ನೆಡಿ. ಕತ್ತರಿಸಿದ ಜಾಗಕ್ಕೆ ದಾಲ್ಚಿನ್ನಿ ಪುಡಿ ಮೆತ್ತುವುದಿದ್ದರೆ ಗಾಯಕ್ಕೆ ಮಾತ್ರ ಮೆತ್ತಿ. ಒಳ್ಳೆಯ ಬೇರಿಗೆ ತಾಗಿದರೆ ಅದನ್ನೂ ಒಣಗಿಸುತ್ತದೆ.

ಮಿಶ್ರಣಕ್ಕೆ 1–2 ಸೆಂಟಿಮೀಟರ್ ಗಾತ್ರದ ಪೈನ್ ತೊಗಟೆ ಚೂರು ಮೂರು ಪಾಲು, ಇದ್ದಿಲು ಒಂದು ಪಾಲು. ತೆಂಗಿನ ಸಿಪ್ಪೆಯ ಚೂರನ್ನೂ ಬಳಸಬಹುದು, ಆದರೆ ಅದರಲ್ಲಿ ಉಪ್ಪಿನಂಶ ಇರುತ್ತದೆ. ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿ ತೊಳೆದ ಮೇಲೆಯೇ ಹಾಕಬೇಕು. ಇಟ್ಟಿಗೆ ಚೂರು ಬಾಲ್ಕನಿಗೆ ಸರಿ, ದೀಪದ ಕಪಾಟಿಗೆ ಬೇಡ. ಲವಣ ಹೀರಿಕೊಂಡು ಬೇರನ್ನು ಸುಡುತ್ತದೆ. ಕುಂಡ ಪಾರದರ್ಶಕ ಪ್ಲಾಸ್ಟಿಕ್‌ನದ್ದಾಗಿರಲಿ, ಬೇರಿನ ಬಣ್ಣವೇ ನೀರಿನ ಹೊತ್ತು ಹೇಳುತ್ತದೆ. ಬೇರು ಹಸಿರಾಗಿದ್ದರೆ ನೀರಿದೆ, ಬೆಳ್ಳಿ ಬಣ್ಣಕ್ಕೆ ತಿರುಗಿ ಕುಂಡ ಹಗುರಾದರೆ ನೀರು ಹಾಕಬೇಕು. ಎಲ್‌ಇಡಿ ಬೆಳಕಿನಲ್ಲಿ ಬಿಸಿಲಿನ ಶಾಖವಿಲ್ಲ, ಆದ್ದರಿಂದ ಕುಂಡ ನಿಧಾನವಾಗಿ ಒಣಗುತ್ತದೆ. ಬಾಲ್ಕನಿಯ ಲೆಕ್ಕದಲ್ಲಿ ಎರಡು ದಿನಕ್ಕೊಮ್ಮೆ ನೀರು ಸುರಿದರೆ ಬೇರು ಕೊಳೆಯುತ್ತದೆ. ತೊಗಟೆ ಮಿಶ್ರಣಕ್ಕೆ ಸಾಮಾನ್ಯವಾಗಿ 5–7 ದಿನಕ್ಕೊಮ್ಮೆ ಸಾಕು. ಬೆಳಿಗ್ಗೆಯೇ ಹಾಕಿ. ಎಲೆಗಳ ನಡುವಿನ ಸುಳಿಯಲ್ಲಿ ನಿಂತ ನೀರನ್ನು ಟಿಶ್ಯೂ ಕಾಗದದಿಂದ ಒರೆಸಿ ತೆಗೆಯಿರಿ. ರಾತ್ರಿಯಿಡೀ ನೀರು ನಿಂತರೆ ಸುಳಿ ಕೊಳೆಯುತ್ತದೆ. ಫೆಲನಾಪ್ಸಿಸ್‌ಗೆ ಇರುವುದು ಒಂದೇ ಸುಳಿ. ಅದು ಹೋದರೆ ಗಿಡ ಉಳಿಯುವುದು ಅಪರೂಪ.

ಯಾವ ನೀರು ಎಂಬುದು ಬೆಂಗಳೂರಿನಲ್ಲಿ ದೊಡ್ಡ ಪ್ರಶ್ನೆ. ನೀರಿನಲ್ಲಿ ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಅದನ್ನು ನಲ್ಲಿ ನೀರಿಗೆ ಅದ್ದಿ ನೋಡಿ. 200ರೊಳಗೆ ಇದ್ದರೆ ಒಳ್ಳೆಯದು. ಬೋರ್‌ವೆಲ್ ನೀರು 500, 1,000 ತೋರಿಸುವುದು ಮಾಮೂಲು. ಅದನ್ನೇ ಹಾಕುತ್ತಾ ಹೋದರೆ ತೊಗಟೆಯ ಮೇಲೆ ಬಿಳಿ ಪುಡಿ ಕಟ್ಟಿ, ಬೇರಿನ ತುದಿ ಕಪ್ಪಾಗುತ್ತದೆ. ಅಪಾರ್ಟ್‌ಮೆಂಟಿನ ಸಾಫ್ಟ್‌ನರ್‌ನಿಂದ ಬಂದ ನೀರು ಇನ್ನೂ ಕೆಟ್ಟದ್ದು. ಅದು ಗಡಸುತನದ ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಸೇರಿಸುತ್ತದೆ. ಸೋಪಿನ ನೊರೆಗೆ ಒಳ್ಳೆಯದು, ಆರ್ಕಿಡ್‌ಗೆ ಅಲ್ಲ. ಆರ್‌ಒ ಯಂತ್ರದ ಕುಡಿಯುವ ನೀರು ಬಳಸಿ. ಅದರ ಕೊಳವೆಯಿಂದ ಹೊರಹೋಗುವ ನೀರನ್ನು ಉಳಿತಾಯವೆಂದು ಆರ್ಕಿಡ್‌ಗೆ ಹಾಕಬೇಡಿ, ಲವಣವೆಲ್ಲ ಅದರಲ್ಲೇ ಗಟ್ಟಿಯಾಗಿರುತ್ತದೆ. ಹಿಡಿದಿಟ್ಟ ಮಳೆ ನೀರಿಗೆ ಸಾಟಿ ಇಲ್ಲ.

ಗೊಬ್ಬರದ ಅಂಗಡಿಯಲ್ಲಿ ಸಿಗುವ, ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲಿನಲ್ಲಿರುವ 19:19:19 ಸಾಕು, ಲೀಟರಿಗೆ ಅರ್ಧ ಗ್ರಾಂ. ಇದರಿಂದ ಸಾರಜನಕ 95 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 95) ಆಗುತ್ತದೆ. ಪೊಟ್ಟಣದ ಮೇಲೆ ತರಕಾರಿಗೆಂದು ಬರೆದ ಪ್ರಮಾಣ ಆರ್ಕಿಡ್‌ಗೆ ವಿಷ. ಆರ್‌ಒ ಅಥವಾ ಮಳೆ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಇಲ್ಲದ್ದರಿಂದ, ಒಂದು ವಾರ 19:19:19 ಜೊತೆ ಲೀಟರಿಗೆ 0.3 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, ಮರುವಾರ ಅರ್ಧ ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕೊಡಿ. ಕ್ಯಾಲ್ಸಿಯಂ ನೈಟ್ರೇಟನ್ನು ಉಳಿದೆರಡರ ಗಟ್ಟಿ ದ್ರಾವಣಕ್ಕೆ ಬೆರೆಸಿದರೆ ಬಿಳಿ ಗಸಿಯಾಗಿ ತಳ ಸೇರುತ್ತದೆ, ಗಿಡಕ್ಕೆ ಸಿಗುವುದಿಲ್ಲ. ತಿಂಗಳಿಗೊಮ್ಮೆ ಬರಿ ನೀರನ್ನು ಧಾರಾಳವಾಗಿ ಹರಿಸಿ ಕುಂಡ ತೊಳೆಯಿರಿ. ಹದಿನೆಂಟು ತಿಂಗಳು, ಹೆಚ್ಚೆಂದರೆ ಎರಡು ವರ್ಷಕ್ಕೊಮ್ಮೆ ಮಿಶ್ರಣ ಬದಲಿಸಿ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಬಯಲುಸೀಮೆಯ ಮಧ್ಯಾಹ್ನದ ಗಾಳಿಯಲ್ಲಿ ತೇವ ಶೇ 30ಕ್ಕೂ ಕೆಳಗಿಳಿಯುತ್ತದೆ. ಗಿಡಕ್ಕೆ ಬೇಕಾದದ್ದು ಶೇ 50–70. ತಟ್ಟೆಯಲ್ಲಿ ಬೆಣಚುಕಲ್ಲು, ನೀರು ಇಡುವುದರಿಂದ ಹೆಚ್ಚೇನೂ ಲಾಭವಿಲ್ಲ. ಗಿಡಗಳನ್ನು ಒತ್ತೊತ್ತಾಗಿ ಇಟ್ಟು, ಪಕ್ಕದಲ್ಲಿ ಸಣ್ಣ ಹ್ಯುಮಿಡಿಫೈಯರ್ ಇಡುವುದು ನಿಜವಾದ ಉಪಾಯ. ಜೊತೆಗೆ ಪುಟ್ಟ ಫ್ಯಾನ್ ಹಗಲೂ ರಾತ್ರಿ ಮೆಲ್ಲಗೆ ತಿರುಗುತ್ತಿರಲಿ, ಗಾಳಿ ನೇರ ಎಲೆಗೆ ಬಡಿಯದೆ ಗೋಡೆಗೆ ತಾಗಿ ಮರಳುವಂತೆ. ನಿಂತ ಗಾಳಿಯಲ್ಲಿ ತೇವ ಹೆಚ್ಚಿದರೆ ಶಿಲೀಂಧ್ರ, ಒಣ ಗಾಳಿಯಲ್ಲಿ ಜೇಡ ನುಸಿ. ಎಲೆಯ ಅಡಿಭಾಗ ಮಂಕಾದ ಬೆಳ್ಳಿ ಬಣ್ಣಕ್ಕೆ ತಿರುಗಿದ್ದರೆ ಬಿಳಿ ಟಿಶ್ಯೂವಿನಿಂದ ಒರೆಸಿ ನೋಡಿ. ಕೆಂಪು–ಕಂದು ಗೆರೆ ಬಿದ್ದರೆ ನುಸಿ ಇದೆ. ಹಿಟ್ಟು ತಿಗಣೆಗೆ ಶೇ 70ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿ ಕಡ್ಡಿ, ವಾರಕ್ಕೊಮ್ಮೆಯಂತೆ ಮೂರು ನಾಲ್ಕು ವಾರ. ಒಂದೇ ಸಲಕ್ಕೆ ಮೊಟ್ಟೆ ಸಾಯುವುದಿಲ್ಲ. ಬೇವಿನೆಣ್ಣೆ ಸಿಂಪಡಿಸುವುದಿದ್ದರೆ ದೀಪ ಆರಿದ ಮೇಲೆ.

ಅರಳಬೇಕಾದ ಮೊಗ್ಗು ಹಳದಿಯಾಗಿ ಉದುರಿದರೆ ಮೊದಲು ಅಕ್ಕಪಕ್ಕ ಹಣ್ಣಿದೆಯೇ ನೋಡಿ. ಮಾಗುವ ಬಾಳೆ, ಮಾವು ಎಥಿಲೀನ್ ಅನಿಲ ಬಿಡುತ್ತವೆ, ಆರ್ಕಿಡ್ ಮೊಗ್ಗಿಗೆ ಅದು ಅತಿ ಸ್ವಲ್ಪವೇ ಸಾಕು. ಫೆಲನಾಪ್ಸಿಸ್ ಹೂವಿನ ಕಾಲವೂ ಮನೆಯಲ್ಲಿ ಹುಲ್ಲು ಹಾಸಿ ಮಾವು ಹಣ್ಣಿಗಿಡುವ ಕಾಲವೂ ಒಂದೇ ಆಗಿರುವುದರಿಂದ ಈ ನಷ್ಟ ನಮ್ಮಲ್ಲಿ ಹೆಚ್ಚು. ದೇವರ ಮನೆಯ ಹೊಗೆ, ಅಡುಗೆಮನೆಯ ಗ್ಯಾಸಿನ ಹಬೆಯಿಂದಲೂ ಕಪಾಟು ದೂರವಿರಲಿ.

ಎಲ್ಲ ಆರ್ಕಿಡ್‌ಗೂ ಈ ಕಪಾಟು ಹೊಂದುವುದಿಲ್ಲ ಎಂಬುದನ್ನೂ ಹೇಳಬೇಕು. ವ್ಯಾಂಡಾ, ಉದ್ದ ಡೆಂಡ್ರೋಬಿಯಂಗಳಿಗೆ ಬಾಲ್ಕನಿಯೇ ಸರಿ. ಮಲೆನಾಡಿನ ಕಾಡು ಆರ್ಕಿಡ್ ಸೀತಾಳೆ ದಂಡೆಯನ್ನು ಕಾಡಿನ ಮರದಿಂದ ಕಿತ್ತು ತಂದು ನಗರದ ಮನೆಯೊಳಗೆ ತೂಗುಹಾಕುವವರಿದ್ದಾರೆ. ಮರದ ತುದಿಕೊಂಬೆಯ ಬೆಳಕು, ಮುಂಗಾರಿನ ತೇವ, ಬೇರಿಗೆ ಸದಾ ಗಾಳಿ ಬೇಡುವ ಆ ಗಿಡ ಮನೆಯೊಳಗೆ ಬದುಕುವುದಿಲ್ಲ. ಮೀಸಲು ಅರಣ್ಯದಿಂದ ಕೀಳುವುದು ಅಪರಾಧವೂ ಹೌದು. ದಯವಿಟ್ಟು ಅದನ್ನು ಶಿರಸಿಯಲ್ಲೋ ಕೊಡಗಿನಲ್ಲೋ ಅದರ ಮರದ ಮೇಲೆಯೇ ನೋಡಿ. ಮನೆಗೆ ಪ್ರಯೋಗಾಲಯದಲ್ಲಿ ಸಸಿ ಮಾಡಿ ಪಾಲಿಹೌಸ್‌ನಲ್ಲಿ ಬೆಳೆಸಿದ ಗಿಡಗಳು ಬೇಕಾದಷ್ಟಿವೆ.

ನರ್ಸರಿಗಳಲ್ಲಿ ನಮ್ಮ ಕೋರಿಕೆ ಇಷ್ಟೆ: ಕುಂಡದ ಚೀಟಿಯಲ್ಲಿ ಗಿಡದ ಜಾತಿ, ಬೇಕಾದ ಲಕ್ಸ್ ಮತ್ತು ಗಂಟೆ, ಹೂವಿಗೆ ಬೇಕಾದ ಉಷ್ಣಾಂಶ, ಕುಂಡದೊಳಗೆ ಏನು ತುಂಬಿದೆ, ಯಾವ ತಿಂಗಳು ನೆಟ್ಟದ್ದು ಎಂಬ ಐದು ಸಾಲು ಅಚ್ಚಾಗಲಿ. ತೋಟಗಾರಿಕೆ ಇಲಾಖೆಗೆ ಒಂದು ಸಲಹೆ. ಲಾಲ್‌ಬಾಗ್ ಗಾಜಿನಮನೆಯ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನದ ಒಂದು ಮೂಲೆಯಲ್ಲಿ 4 ಅಡಿಯ ಇಂಥದ್ದೊಂದು ಕಪಾಟನ್ನು ದೀಪ ಉರಿಸಿ ಇಡಲಿ. ಮುಂದೆ ಲಕ್ಸ್ ಮೀಟರ್ ಮತ್ತು ವ್ಯಾಟ್ ಮೀಟರ್ ಇರಲಿ, ನೋಡಿದವರು ಕೈಯಲ್ಲಿ ಹಿಡಿದು ಅಳೆಯಲಿ. ಜನವರಿ ಆದ್ದರಿಂದ ದಂಟು ಆಗಷ್ಟೇ ಮೂಡಿದ ಗಿಡಗಳನ್ನು ಇಡಬಹುದು: ಬೇರಿನ ತುದಿ ದುಂಡಗೆ ನುಣ್ಣಗೆ ಇರುತ್ತದೆ, ದಂಟಿನ ತುದಿ ಚಪ್ಪಟೆಯಾಗಿ ಕೈಗವಸಿನಂತೆ ಸೀಳಿರುತ್ತದೆ. ಹೊಸಬರು ಇವೆರಡನ್ನೂ ಗುರುತಿಸಲಾರದೆ ದಂಟನ್ನೇ ಬೇರೆಂದು ತೊಗಟೆಯೊಳಗೆ ಹೂತುಬಿಡುತ್ತಾರೆ. ಎದುರಿಗೆ ನಿಂತು ನೋಡಿದರೆ ಒಂದೇ ನಿಮಿಷದಲ್ಲಿ ತಿಳಿಯುತ್ತದೆ. ಅದೇ ಕಪಾಟು, ಅದೇ ಗಿಡಗಳು ಆಗಸ್ಟ್ ಪ್ರದರ್ಶನಕ್ಕೂ ಬರಲಿ. ಅಷ್ಟು ಹೊತ್ತಿಗೆ ಎಷ್ಟು ಹೊಸ ಎಲೆ ಬಂದಿವೆ ಎಂದು ಜನ ಎಣಿಸಿ ನೋಡಲಿ.

ಇಂತಿ,
ಹವ್ಯಾಸಿ ಆರ್ಕಿಡ್ ಬೆಳೆಗಾರರು, ಬೆಂಗಳೂರು